ಕೊಡಲಾಗದ್ದನ್ನು ಕಾಯುವುದು

ಹೇರೋಹಳ್ಳಿ
18 ಜನವರಿ 2024

ಪ್ರೀತಿಯ ಅಕ್ಕನಿಗೆ,

ಒಂದೇ ಸಿಟಿಯಲ್ಲಿದ್ದುಕೊಂಡು ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ಹೇರೋಹಳ್ಳಿಯಿಂದ ಹೊಸಹಳ್ಳಿಗೆ ಆಟೋ ಹತ್ತಿದರೆ ಆಯಿತು, ನಿಜ. ಆದರೆ ನಿನ್ನ ಎದುರು ಕೂತು ಈ ಮಾತು ಆಡಲು ನನಗೆ ಬಾಯಿ ಬರುವುದಿಲ್ಲ. ಫೋನಿನಲ್ಲಂತೂ ಆಗುವ ಮಾತೇ ಅಲ್ಲ. ಕಿವಿ ಮಂದವಾದ ಮೇಲೆ ನೀನು ಸ್ಪೀಕರ್ ಹಾಕದೆ ಮಾತಾಡುವುದಿಲ್ಲ. ಮಗ ಸಂಪತ್, ಸೊಸೆ ಕವನಾ, ಬ್ಲೌಸಿನ ಅಳತೆ ಕೊಡಲು ಬಂದವರು, ಎಲ್ಲರೂ ನನ್ನ ಕಿಡ್ನಿಯ ಕಥೆ ಕೇಳಬೇಕಾಗುತ್ತದೆ.

ಮೊನ್ನೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೋಕಿಲಾಳನ್ನು ಕರೆದು, "ನಿಮ್ಮ ಬ್ಲಡ್ ಗ್ರೂಪ್ ಹೊಂದಲ್ಲ. ನಿಮ್ಮ ಯಜಮಾನರ ಒಡಹುಟ್ಟಿದೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿದರಂತೆ. ನೀನು ಬೆಂಚಿನಿಂದ ಎದ್ದು, "ನಂದು ತಗೊಳ್ಳಿ. ಇವನನ್ನ ಸಾಕಿದ್ದೇ ನಾನು" ಎಂದೆಯಂತೆ. ಡಯಾಲಿಸಿಸ್ ಮುಗಿಸಿ ನಾನು ಹೊರಗೆ ಬಂದಾಗ ಕೋಕಿಲಾ ಅಳುತ್ತಲೇ ಹೇಳಿದಳು.

ಬೇಡ ಅಕ್ಕ. ಇದನ್ನು ಹೇಳುವುದಕ್ಕೇ ಈ ಕಾಗದ.

ತಪ್ಪು ನನ್ನದು. ಬಿ.ಪಿ. ಇದೆ ಎಂದು ಐದು ವರ್ಷದ ಹಿಂದೆಯೇ ಹೇಳಿದ್ದರು. ಒಂದಷ್ಟು ದಿನ ಮಾತ್ರೆ ನುಂಗಿದೆ, ತಲೆನೋವು ಹೋಯಿತು, ಬಿಟ್ಟೆ. ಕಾಲು ಬಾತುಕೊಂಡಾಗ ಅಂಗಡಿಯಲ್ಲಿ ಇಡೀ ದಿನ ನಿಲ್ಲುತ್ತೇನಲ್ಲ, ಅದಕ್ಕೆ ಎಂದುಕೊಂಡೆ. ಮೂತ್ರ ನೊರೆ ನೊರೆಯಾಗಿ ಹೋಗುತ್ತಿತ್ತು. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹಾರ್ಡ್‌ವೇರ್ ಅಂಗಡಿಯವನು ನಾನು, ನೀರಿನ ಫಿಲ್ಟರ್ ಮಾರುತ್ತೇನೆ. ಒಳಗಿನ ಸೋಸುವ ಕ್ಯಾಂಡಲ್ ಕಟ್ಟಿಕೊಂಡರೆ ನೀರು ಸಣ್ಣಗೆ ಬೀಳುತ್ತದೆ, ಮನೆಯವರಿಗೆ ಅಂದೇ ಗೊತ್ತಾಗುತ್ತದೆ. ಕಿಡ್ನಿ ಹಾಗಲ್ಲವಂತೆ. ಮುಕ್ಕಾಲು ಪಾಲು ಹಾಳಾದರೂ ಉಳಿದ ಕಾಲು ಪಾಲು ಗೊಣಗದೆ ದುಡಿಯುತ್ತಿರುತ್ತದಂತೆ. ನಮಗೆ ತಿಳಿಯುವ ಹೊತ್ತಿಗೆ ಅದೂ ಸೋತಿರುತ್ತದೆ.

ನನ್ನ ಉದಾಸೀನಕ್ಕೆ ನಿನ್ನ ಮೈ ಕೊಯ್ಯಿಸಬೇಕೇ? ಬೇಡ. ನೀನು ಕಳಿಸಿದ ಎಳ್ಳು ಬೆಲ್ಲವನ್ನೇ ತಿನ್ನುವ ಹಾಗಿಲ್ಲ ನಾನು. ಕೊಬ್ಬರಿ, ಕಡಲೆಬೀಜ ಎಲ್ಲಾ ಬೇಡವೆಂದಿದ್ದಾರೆ. ಕೋಕಿಲಾ ಡಬ್ಬಿಯನ್ನು ಎತ್ತಿಟ್ಟಳು. ನಾನು ಮುಚ್ಚಳ ತೆಗೆದು ಬರೀ ವಾಸನೆ ನೋಡಿದೆ.

ನಿನ್ನ ತಮ್ಮ,
ಚನ್ನಕೇಶವ


ಹೊಸಹಳ್ಳಿ
2 ಫೆಬ್ರವರಿ 2024

ಚನ್ನ,

ನಿನ್ನ ಕಾಗದ ಪೋಸ್ಟ್‌ಮ್ಯಾನ್ ಕೈಯಲ್ಲಿ ಬಂದಾಗ ಕವನಾ ಕೋರ್ಟ್ ನೋಟೀಸೆಂದು ಹೆದರಿಬಿಟ್ಟಳು. "ಮಾವನ ಕಾಗದ ಕಣೇ" ಎಂದರೆ ನಂಬಲಿಲ್ಲ.

ನೀನು ಬೇಡವೆಂದು ಬರೆಯುವ ಮೊದಲೇ ನಾನು ರಕ್ತ ಕೊಟ್ಟು ಬಂದಿದ್ದೆ. ಗ್ರೂಪ್ ಒಂದೇ. ಆಗದೆ ಏನು, ಒಬ್ಬಳೇ ತಾಯಿಯ ಮಕ್ಕಳು ತಾನೆ. ಇನ್ನೂ ಬೇಕಾದಷ್ಟು ಪರೀಕ್ಷೆಗಳಿವೆ. ಎಕ್ಸ್‌ರೇ, ಸ್ಕ್ಯಾನು, ಹೃದಯದ್ದು, ಸಕ್ಕರೆಯದ್ದು. ಒಂದು ಇಡೀ ದಿನದ ಮೂತ್ರವನ್ನು ಒಂದು ತೊಟ್ಟೂ ಬಿಡದೆ ದೊಡ್ಡ ಕ್ಯಾನಿನಲ್ಲಿ ಹಿಡಿದು ತರಲು ಹೇಳಿದರು. ಅದನ್ನು ಬಚ್ಚಲಿನಲ್ಲಿ ಬಕೆಟ್ಟಿನ ಹಿಂದೆ ಇಟ್ಟಿದ್ದೆ. ಕವನಾ ಹೊಸ ಫಿನಾಯಿಲ್ ಎಂದು ಮುಚ್ಚಳ ತಿರುಗಿಸಲು ಹೋದಾಗ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದರು. ನೀನು ನಗಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಸಂಪತ್ ಮುಖ ಊದಿಸಿಕೊಂಡಿದ್ದಾನೆ. "ಅಮ್ಮ, ನಿಂಗೆ ಐವತ್ತೇಳು. ಮಂಡಿ ನೋವಿಗೆ ದಿನಾ ಮಾತ್ರೆ ನುಂಗ್ತೀಯ. ನೀನು ಕಿಡ್ನಿ ಕೊಡ್ತೀಯಾ?" ಎಂದು ಕೇಳಿದ. "ಮಷೀನ್ ತುಳಿದು ತುಳಿದು ಮಂಡಿ ಸವೆದಿದೆ, ಕಿಡ್ನಿ ಏನ್ ಸವೆದಿಲ್ಲ ಕಣೋ" ಎಂದೆ.

ಅಮ್ಮ ಹೋದಾಗ ನಿನಗೆ ಆರು ವರ್ಷ. ನಾನು ಲಂಗ ದಾವಣಿಯ ಹುಡುಗಿ. ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಮುದ್ದೆ ತೊಳಸುತ್ತಿದ್ದೆ. ಆ ಸೊಂಟದ ಒಳಗಿನದೇ ಒಂದನ್ನು ಕೊಡುತ್ತೇನೆ. ಬೇಡ ಎನ್ನಲು ನೀನ್ಯಾರು?

ನಿನ್ನ ಅಕ್ಕ,
ಕಲ್ಯಾಣಮ್ಮ


ಹೇರೋಹಳ್ಳಿ
12 ಮಾರ್ಚ್ 2024

ಅಕ್ಕ,

ಫೆಬ್ರವರಿ ಕಳೆಯಿತು. ಮಾರ್ಚೂ ಅರ್ಧವಾಗುತ್ತಾ ಬಂತು. ನಿನ್ನಿಂದ ಒಂದು ಮಾತಿಲ್ಲ. ಫೋನ್ ಮಾಡಿದರೆ ಕವನಾ ಎತ್ತಿ, "ಅತ್ತೆ ಮಲಗಿದ್ದಾರೆ ಮಾವ" ಎನ್ನುತ್ತಾಳೆ. ಸಂಪತ್‌ಗೆ ಮಾಡಿದರೆ ಮೀಟಿಂಗ್ ಎನ್ನುತ್ತಾನೆ. ಆಸ್ಪತ್ರೆಯಲ್ಲಿ ಕೇಳಿದೆ. ನಿನ್ನ ರಿಪೋರ್ಟುಗಳೆಲ್ಲ ಯಾವಾಗಲೋ ಬಂದಿವೆಯಂತೆ, ಡಾಕ್ಟರಮ್ಮ ನಿನ್ನ ಜೊತೆ ಮಾತಾಡಿಯೂ ಆಗಿದೆಯಂತೆ. "ಏನಾಯ್ತು ಸಿಸ್ಟರ್?" ಎಂದೆ. "ಅದು ಅವರ ವಿಷಯ ಸಾರ್, ನಾವು ಹೇಳಂಗಿಲ್ಲ. ಅವರನ್ನೇ ಕೇಳಿ" ಎಂದರು.

ಅಂದರೆ ಎಲ್ಲರಿಗೂ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ.

ಸಂಪತ್ ಬೇಡವೆಂದನೇ? ಹೆದರಿಕೆಯಾಯಿತೇ? ಆಗುವುದಿಲ್ಲವೆಂದರೆ ಆಗುವುದಿಲ್ಲ ಎನ್ನು. ನಾನಾಗಿ ಕೇಳಿರಲಿಲ್ಲ. ಹತ್ತು ಜನರ ಎದುರು ಎದ್ದು ನಿಂತು ಹೇಳಿದವಳು ನೀನು. ಕೋಕಿಲಾ ಅಂದಿನಿಂದ ದೇವರಿಗೆ ದೀಪ ಹಚ್ಚುವಾಗೆಲ್ಲ ನಿನ್ನ ಹೆಸರು ಹೇಳುತ್ತಾಳೆ. ಅವಳಿಗೆ ನಾನು ಏನು ಹೇಳಲಿ?

ಅಮ್ಮ ಇದ್ದಿದ್ದರೆ ಹೀಗೆ ಬಚ್ಚಿಟ್ಟುಕೊಳ್ಳುತ್ತಿರಲಿಲ್ಲ.

ಚನ್ನಕೇಶವ


ಹೊಸಹಳ್ಳಿ
21 ಮಾರ್ಚ್ 2024

ಚನ್ನ,

ನೀನು ಕೊನೆಯಲ್ಲಿ ಬರೆದದ್ದು ಸರಿ. ಅಮ್ಮ ಇದ್ದಿದ್ದರೆ ಬಚ್ಚಿಟ್ಟುಕೊಳ್ಳುತ್ತಿರಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಫೆಬ್ರವರಿ ಕೊನೆಯಲ್ಲಿ ಡಾಕ್ಟರಮ್ಮ ಕರೆಸಿದರು. ನಾನೊಬ್ಬಳೇ ಹೋಗಿದ್ದೆ. ಬಾಗಿಲು ಮುಚ್ಚಿಸಿ, ನನಗೆ ಕೇಳಲೆಂದು ಹತ್ತಿರ ಬಂದು ಕೂತರು. ಅವರೇ ಎರಡು ಸಲ ಬಿ.ಪಿ. ನೋಡಿದರು. ನೂರ ಎಪ್ಪತ್ತರ ಹತ್ತಿರ ಇತ್ತು.

"ಕಲ್ಯಾಣಮ್ಮ, ನಿಮಗೆ ಬಿ.ಪಿ. ಇದೆ ಅಂತ ಯಾರೂ ಹೇಳಿಲ್ವಾ?"

"ನೋಡಿಸಿದ್ರೆ ತಾನೆ ಹೇಳೋದು."

"ಮೂತ್ರದಲ್ಲಿ ಪ್ರೋಟೀನ್ ಹೋಗ್ತಾ ಇದೆ. ರಕ್ತದಲ್ಲಿ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಸೋಸಿ ಹಾಕಬೇಕಾದ ಕಸ, ಇರಬೇಕಾದ್ದಕ್ಕಿಂತ ಜಾಸ್ತಿ. ನಿಮ್ಮ ಕಿಡ್ನಿಗಳೇ ಅರ್ಧದಷ್ಟು ಶಕ್ತಿ ಕಳ್ಕೊಂಡಿವೆ. ನೋವಿನ ಮಾತ್ರೆ ಎಷ್ಟು ದಿನದಿಂದ ತಗೋತಿದ್ದೀರಿ?"

ನಾನು ಲೆಕ್ಕ ಇಟ್ಟಿರಲಿಲ್ಲ. ಮೆಡಿಕಲ್ ಸ್ಟೋರಿನವನು ಕೇಳಿದಾಗಲೆಲ್ಲ ಕೊಡುತ್ತಿದ್ದ. ಆಮೇಲೆ ಅವರು, "ನಿಮ್ಮ ತಾಯಿ ಹೇಗೆ ತೀರ್ಕೊಂಡ್ರು?" ಎಂದು ಕೇಳಿದರು. "ಮೈಯೆಲ್ಲ ಬಾತ್ಕೊಂಡಿತ್ತು, ನೀರು ತುಂಬ್ಕೊಂಡಿದೆ ಅಂತ ಅಂದ್ರು" ಎಂದೆ. ಅವರು ಪೆನ್ನು ಕೆಳಗಿಟ್ಟರು. ನಲವತ್ತು ವರ್ಷ ನಾವು ಅಮ್ಮನಿಗೆ ಬಂದದ್ದು ನೀರು ಎಂದುಕೊಂಡಿದ್ದೆವು, ಚನ್ನ. ಅದೂ ಇದೇ ಕಿಡ್ನಿ ಕಾಯಿಲೆ ಇದ್ದಿರಬಹುದಂತೆ. ಯಾರೂ ನೋಡಿರಲಿಲ್ಲವಾದ್ದರಿಂದ ಈಗ ಹೇಳಲಾಗುವುದಿಲ್ಲವಂತೆ.

"ನೀವು ಕೊಡೋ ಹಾಗಿಲ್ಲ" ಎಂದರು.

ಇಷ್ಟೇ ಆಗಿದ್ದರೆ ಆಟೋ ಹಿಡಿದು ನೇರ ನಿನ್ನ ಮನೆಗೇ ಬರುತ್ತಿದ್ದೆ. ಬರದೆ ಇದ್ದದ್ದಕ್ಕೆ ಕಾರಣ ಬೇರೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಎದೆ ಹಗುರವಾಯಿತು. ಅಯ್ಯೋ ಎನಿಸಲಿಲ್ಲ. ನಿನ್ನ ಮುಖ ನೆನಪಾಗಲಿಲ್ಲ. ಉಳಿದುಕೊಂಡೆ ಎನಿಸಿತು. ಕಾರಿಡಾರಿನಲ್ಲಿ ಎದ್ದು ನಿಂತು ಹೇಳಿದ ದಿನದಿಂದ ನನಗೆ ಒಳಗೊಳಗೇ ನಡುಕವಿತ್ತು. ಬಟ್ಟೆಗೆ ಕತ್ತರಿ ಹಾಕುವಾಗ ಕೈ ನಿಲ್ಲುತ್ತಿತ್ತು. ನಿನಗೆ ಗೊತ್ತಾಗಬಾರದೆಂದು ಕಾಗದದಲ್ಲಿ ಫಿನಾಯಿಲ್ ಕಥೆ ಬರೆದೆ.

ಆಸ್ಪತ್ರೆಯಿಂದ ಹೊರಗೆ ಬಂದವಳು ಪಕ್ಕದ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆ. ಚಟ್ನಿ ಎರಡನೇ ಸಲ ಹಾಕಿಸಿಕೊಂಡೆ. ರುಚಿಯಾಗಿತ್ತು ಚನ್ನ. ಕೈ ತೊಳೆಯುವಾಗ ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ಹಬ್ಬದ ದಿನದ ಮುಖ. ಆಗ ನೀನು ನೆನಪಾದೆ.

ಸಂಪತ್ ಬೇಡವೆಂದದ್ದು ನಿಜ, ಆದರೆ ಅವನದೇನೂ ತಪ್ಪಿಲ್ಲ. ಅವನಿಗೂ ಕವನಾಗೂ ಬಾಯಿ ಬಿಡಬೇಡಿ ಎಂದವಳೂ ನಾನೇ. ಕೋಕಿಲಾಗೆ ದೀಪದ ಮುಂದೆ ನನ್ನ ಹೆಸರು ಹೇಳಬೇಡ ಎನ್ನು.

ಕಲ್ಯಾಣಿ


ಹೇರೋಹಳ್ಳಿ
5 ಜೂನ್ 2024

ಅಕ್ಕನಿಗೆ,

ಯುಗಾದಿಗೂ ಬರೆಯಲಿಲ್ಲ, ಬರಲೂ ಇಲ್ಲ. ಬರೆದು ಹರಿದು ಹಾಕಿದ್ದೇ ಹೆಚ್ಚು. ಈಗ ಬರೆಯುತ್ತಿರುವುದು ಕವನಾ ಫೋನ್ ಮಾಡಿದ್ದಕ್ಕೆ.

"ಮಾವ, ಅತ್ತೆ ಬಿ.ಪಿ. ಮಾತ್ರೆ ಮುಟ್ಟೇ ಇಲ್ಲ. ಮಾರ್ಚಲ್ಲಿ ತಂದಿದ್ದು ಹಾಗೇ ಮಷೀನ್ ಡ್ರಾದಲ್ಲಿದೆ. ಮಂಡಿ ಮಾತ್ರೆ ಮಾತ್ರ ನುಂಗ್ತಾರೆ. ಉಪ್ಪಿನಕಾಯಿ ಬೇಕಂತಲೇ ಹಾಕ್ಕೋತಾರೆ ಅನ್ಸುತ್ತೆ. ಕೇಳಿದ್ರೆ, 'ಕೊಡೋಕಾಗದ್ದನ್ನ ಉಳಿಸ್ಕೊಂಡು ಏನ್ ಮಾಡ್ಲಿ' ಅಂತಾರೆ" ಎಂದು ಅತ್ತಳು. ಒಳ್ಳೆಯ ಹುಡುಗಿ. ನಿನ್ನ ಕಣ್ಣು ತಪ್ಪಿಸಿ ಟೆರೇಸಿನಿಂದ ಮಾತಾಡಿದಳು.

ನಿನ್ನ ಕಾಗದ ಓದಿದ ದಿನ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ನೀನು ತಿಂದ ದೋಸೆಯ ಮೇಲೆ ಸಿಟ್ಟು ಬಂತು. ಚಟ್ನಿಯ ಮೇಲೆ ಬಂತು. ನೀನು ಕಳಿಸಿದ್ದ ಎಳ್ಳಿನ ಡಬ್ಬಿಯನ್ನು ಕೆಲಸದವಳಿಗೆ ಕೊಟ್ಟುಬಿಟ್ಟೆ. ಆದರೆ ಸಿಟ್ಟು ಇಳಿದ ಮೇಲೆ ಅದರ ಕೆಳಗೆ ಏನಿತ್ತು ಗೊತ್ತೇ? ನನಗೂ ಹಗುರವಾಗಿತ್ತು. ನಿನ್ನನ್ನು ಕೊಯ್ದು ನನಗೆ ಹಾಕಿ, ಅದು ನನ್ನ ಮೈಗೆ ಹಿಡಿಸದೆ ಹೋಗಿದ್ದರೆ ಆಮೇಲೆ ಸಂಪತ್ ಮುಖವನ್ನು ನಾನು ಹೇಗೆ ನೋಡುತ್ತಿದ್ದೆ? ನಿನ್ನ ಮುಖವನ್ನು?

ಇನ್ನೊಂದು ಮಾತು. ಜನವರಿಯಲ್ಲಿ ಬೇಡವೆಂದು ಬರೆದೆನಲ್ಲ, ಅದು ಬೇಡವಲ್ಲ. ಬೇಡವೆಂದರೆ ನೀನು ಬಂದೇ ಬರುತ್ತೀ ಎಂದು ಗೊತ್ತಿತ್ತು ನನಗೆ. ಚಿಕ್ಕಂದಿನಲ್ಲಿ ನಿನ್ನ ತಟ್ಟೆಯ ಕಜ್ಜಾಯವನ್ನು ಹೀಗೆಯೇ ಬೇಡ ಬೇಡವೆನ್ನುತ್ತಾ ತಿನ್ನುತ್ತಿದ್ದೆ. ಅಮ್ಮನ ಹೆಸರೆತ್ತಿ ಬರೆದದ್ದಂತೂ ಬರೆಯಬಾರದಿತ್ತು. ಕ್ಷಮಿಸು ಎಂದು ಕೇಳುವುದಕ್ಕೂ ನಾಚಿಕೆ.

ಒಂದೇ ಒಂದು ಬೇಡಿಕೆ. ಬರುವ ಗುರುವಾರ ನನ್ನ ಜೊತೆ ಡಯಾಲಿಸಿಸ್‌ಗೆ ಬಾ. ಪ್ರತಿ ಸಲ ಕಾರಿಡಾರಿನಲ್ಲೇ ಕೂತು ಹೋಗಿದ್ದೀಯ. ಈ ಸಲ ಒಳಗೆ ಬಾ. ಸಿಸ್ಟರ್ ಹತ್ತಿರ ಕೇಳಿಕೊಂಡಿದ್ದೇನೆ, ಸ್ವಲ್ಪ ಹೊತ್ತು ಬಿಡುತ್ತಾರೆ.

ನಿನ್ನ,
ಚನ್ನ


ಹೊಸಹಳ್ಳಿ
15 ಜೂನ್ 2024

ಚನ್ನ,

ಗುರುವಾರ ಅಲ್ಲಿ ನನಗೆ ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತೇನೆ.

ನಿನ್ನ ತೋಳಿಗೆ ಅಷ್ಟು ದಪ್ಪ ಸೂಜಿ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ. ಒಂದಲ್ಲ, ಎರಡು. ನಿನ್ನ ರಕ್ತ ಒಂದು ಕೊಳವೆಯಲ್ಲಿ ಹೊರಗೆ ಹೋಗಿ, ಮಷೀನ್ ತಿರುಗಿ, ಇನ್ನೊಂದು ಕೊಳವೆಯಲ್ಲಿ ವಾಪಸ್ ಬರುತ್ತಿತ್ತು. ನೀನು ನನ್ನ ಕೈ ಹಿಡಿದು ನಿನ್ನ ತೋಳಿನ ಮೇಲೆ, ಸೂಜಿಗಿಂತ ಮೇಲಕ್ಕೆ ಇಟ್ಟೆ. ಡಯಾಲಿಸಿಸ್‌ಗೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳದ ಒಳಗೆ ಬೆಕ್ಕು ಗುರುಗುಟ್ಟಿದ ಹಾಗಿತ್ತು. ಕೈ ಹಿಂದಕ್ಕೆ ತೆಗೆಯಬೇಕೆನಿಸಿತು. ತೆಗೆಯಲಿಲ್ಲ.

ಪಕ್ಕದ ಹಾಸಿಗೆಯ ತಮ್ಮಣ್ಣನವರು, ಅದೇ ಬಸ್ ಡ್ರೈವರ್ ಆಗಿದ್ದವರು, ನನ್ನನ್ನು ಮಾತಾಡಿಸಿದರಲ್ಲ. ಅವರು ಹೇಳಿದ್ದು ಅರ್ಧ ನನಗೆ ಕೇಳಿಸಲಿಲ್ಲ, ಸುಮ್ಮನೆ ತಲೆಯಾಡಿಸಿದೆ. ಸೆಖೆಗೆ ಗಂಟಲು ಒಣಗಿ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಎತ್ತಿ ಕುಡಿದೆ. ಗಟಗಟನೆ ಕುಡಿದು ಬಾಟಲಿ ಇಳಿಸಿದರೆ ನೀನೂ ತಮ್ಮಣ್ಣನವರೂ ಆಚೆ ಹಾಸಿಗೆಯ ಹೆಂಗಸೂ ಬಾಟಲಿಯನ್ನೇ ನೋಡುತ್ತಿದ್ದಿರಿ. ನನ್ನನ್ನಲ್ಲ, ನೀರನ್ನು. ತಮ್ಮಣ್ಣನವರು ನಕ್ಕು ಗಟ್ಟಿಯಾಗಿ ಹೇಳಿದರು: "ತಪ್ಪು ತಿಳ್ಕೋಬೇಡಿ ಅಮ್ಮ. ನಮಗೆ ದಿನಕ್ಕೆ ಇಷ್ಟೇ ನೀರು ಅಂತ ಲೆಕ್ಕ. ಯಾರಾದ್ರೂ ಹಿಂಗೆ ಎತ್ತಿ ಕುಡಿದ್ರೆ ಸಿನಿಮಾ ನೋಡ್ದಂಗೆ ನೋಡ್ತೀವಿ."

ಬಾಟಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಭೂಮಿ ಬಾಯಿಬಿಡಬಾರದೇ ಎನಿಸಿತು. ಆಗ ನೀನು, "ಕುಡಿ ಅಕ್ಕ" ಎಂದೆ.

"ಸಾಕು ಕಣೋ."

"ಕುಡಿ. ನಿಂಗೆ ಇನ್ನೂ ಕುಡಿಯೋಕಾಗುತ್ತೆ. ನೀನು ಮಾತ್ರೆ ನುಂಗ್ದೆ ಇದ್ರೆ ನಂಗೇನ್ ಸಿಗುತ್ತೆ ಹೇಳು?"

"ಏನೂ ಇಲ್ಲ."

"ನಂಗೆ ಏನೂ ಸಿಗಲ್ಲ. ನಿಂಗೆ ಈ ಪಕ್ಕದ ಹಾಸಿಗೆ ಸಿಗುತ್ತೆ. ಆಗ ಇಬ್ರೂ ಒಟ್ಟಿಗೆ ಬಾಟ್ಲಿ ನೋಡ್ತಾ ಕೂತ್ಕೊಳ್ಳೋಣ."

ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ನಗುತ್ತಾ ಹೇಳಿದೆ.

ಮಾತ್ರೆ ನುಂಗದೆ ಇದ್ದದ್ದು ನಿನಗೋಸ್ಕರ ಎಂದುಕೊಂಡಿದ್ದೆ, ಚನ್ನ. ನೀನು ನರಳುವಾಗ ನಾನು ಚೆನ್ನಾಗಿರಬಾರದು ಎಂದು. ಅಲ್ಲಿ ಕೂತಾಗ ತಿಳಿಯಿತು, ಅದು ನಿನಗೋಸ್ಕರವಲ್ಲ. ನನ್ನ ಹಗುರವಾದ ಎದೆಗೆ ನಾನೇ ಕಲ್ಲು ಕಟ್ಟಿಕೊಂಡು ಒಳ್ಳೆಯವಳಾಗಲು ನೋಡುತ್ತಿದ್ದೆ. ಅದರಿಂದ ನಿನ್ನ ಒಂದು ಸೂಜಿಯೂ ಕಡಿಮೆಯಾಗುವುದಿಲ್ಲ.

ಅಲ್ಲಿಂದ ಹಾಗೆಯೇ ಹೋಗಿ ಡಾಕ್ಟರಮ್ಮನನ್ನು ಕಂಡೆ. ಮೂರು ತಿಂಗಳು ಮಾತ್ರೆ ನುಂಗಿಲ್ಲ ಎಂದು ಹೇಳಿದೆ. ಅವರು ಗದರಲಿಲ್ಲ. ಮತ್ತೆ ರಕ್ತ ತೆಗೆಸಿ, ಬಿ.ಪಿ. ಮಾತ್ರೆಯನ್ನು ಮತ್ತೆ ಬರೆದುಕೊಟ್ಟರು. ಅದು ಬಿ.ಪಿ. ಇಳಿಸುವುದಲ್ಲದೆ ಮೂತ್ರದಲ್ಲಿ ಹೋಗುವ ಪ್ರೋಟೀನನ್ನೂ ತಡೆಯುತ್ತದಂತೆ. ಚೆನ್ನಾಗಿದ್ದೇನೆ ಎನಿಸಿದರೂ ಬಿಡುವ ಹಾಗಿಲ್ಲ. ನೋವಿನ ಮಾತ್ರೆ ಪೂರ್ತಿ ಬಂದ್. ಮಂಡಿಗೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ, ಸಂಪತ್ ಮಷೀನಿಗೆ ಮೋಟಾರ್ ಹಾಕಿಸುತ್ತೇನೆ ಎಂದಿದ್ದಾನೆ. ಉಪ್ಪು ಕಡಿಮೆ. "ಹೋದ ಶಕ್ತಿ ವಾಪಸ್ ಬರಲ್ಲ ಕಲ್ಯಾಣಮ್ಮ. ಆದ್ರೆ ಇರೋದನ್ನ ಬಹಳ ವರ್ಷ ಕಾಪಾಡ್ಕೋಬೋದು" ಎಂದರು.

ನಿನಗೆ ಅದೇ ಮಾತನ್ನು ಐದು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಎಂದು ಯೋಚಿಸುತ್ತಾ ಮನೆಗೆ ಬಂದೆ. ಹೇಳಿದ್ದರೂ ನೀನು ಕೇಳುತ್ತಿದ್ದೆಯೋ ಇಲ್ಲವೋ.

ನಿನ್ನ ಅಕ್ಕ,
ಕಲ್ಯಾಣಿ


ಹೇರೋಹಳ್ಳಿ
20 ಅಕ್ಟೋಬರ್ 2024

ಅಕ್ಕ,

ಆಗಸ್ಟಿನಲ್ಲಿ ಜ್ವರ ಬಂದು ಮಲಗಿದವನು ಈಗ ತಿರುಗಾಡುತ್ತಿದ್ದೇನೆ. ಆಸ್ಪತ್ರೆಯಲ್ಲಿದ್ದಷ್ಟು ದಿನವೂ ನೀನು ಬಂದು ಕೂತಿದ್ದೆ, ಅದಕ್ಕೆ ಬರೆಯುವುದು ಏನೂ ಇರಲಿಲ್ಲ. ಅಂಗಡಿಯನ್ನು ಕೋಕಿಲಾ ನೋಡಿಕೊಳ್ಳುತ್ತಿದ್ದಾಳೆ. ನನಗಿಂತ ಚೆನ್ನಾಗಿ ಪೈಪು ಮಾರುತ್ತಾಳೆ. ಸತ್ತವರ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ನನ್ನ ಹೆಸರು ಬರೆಸಿದ್ದೇವೆ. ಸಾಲು ಉದ್ದವಿದೆ. ನಮ್ಮ ಸರದಿ ಬೇಗ ಬರಲಿ ಎಂದುಕೊಂಡರೆ ಯಾರೋ ಬೇಗ ಸಾಯಲಿ ಎಂದ ಹಾಗಾಗುತ್ತದೆ. ಅದಕ್ಕೇ ಏನೂ ಅಂದುಕೊಳ್ಳದೆ ಕಾಯುತ್ತಿದ್ದೇನೆ.

ನಿನ್ನ ಪರೀಕ್ಷೆ ಹೋದ ತಿಂಗಳೇ ಆಗಬೇಕಿತ್ತು. ಕೇಳಿದಾಗಲೆಲ್ಲ ಮಾತು ತಿರುಗಿಸುತ್ತೀಯ. ಮತ್ತೆ ಬಚ್ಚಿಡುತ್ತಿದ್ದೀಯ ತಾನೆ? ಏನೇ ಇರಲಿ, ಬರೆ. ನಾನು ತಡೆದುಕೊಳ್ಳುತ್ತೇನೆ.

ಚನ್ನ


ಹೊಸಹಳ್ಳಿ
4 ನವೆಂಬರ್ 2024

ನನ್ನ ಚನ್ನ,

ಬಚ್ಚಿಟ್ಟದ್ದು ನಿಜ. ಆದರೆ ನೀನು ಹೆದರಿದ ಹಾಗಲ್ಲ. ರಿಪೋರ್ಟ್ ಚೆನ್ನಾಗಿ ಬಂದಿದೆ. ಪ್ರೋಟೀನ್ ಹೋಗುವುದು ಅರ್ಧಕ್ಕಿಂತ ಕಡಿಮೆಯಾಗಿದೆ. ಕ್ರಿಯಾಟಿನಿನ್ ಇದ್ದಲ್ಲೇ ನಿಂತಿದೆ, ಹಾಗೆ ನಿಲ್ಲುವುದೇ ಒಳ್ಳೆಯದಂತೆ. ಬಿ.ಪಿ. ಹಿಡಿತಕ್ಕೆ ಬಂದಿದೆ. ಡಾಕ್ಟರಮ್ಮ ನನ್ನ ಬೆನ್ನು ತಟ್ಟಿದರು. ಹೊರಗೆ ಬಂದಾಗ ನೀನು ನಿನ್ನ ಹಾಸಿಗೆಯಲ್ಲಿ ಬಾಯಿ ಒಣಗಿಸಿಕೊಂಡು ಮಲಗಿದ್ದೆ. ನನ್ನ ಒಳ್ಳೆಯ ಸುದ್ದಿಯನ್ನು ಆ ಬಾಗಿಲಿನಿಂದ ಒಳಗೆ ತರಲು ನನ್ನಿಂದ ಆಗಲಿಲ್ಲ. ನಿನಗೆಂದು ಹೊರಟು, ನನ್ನನ್ನು ಉಳಿಸಿಕೊಂಡು ಬಂದೆನಲ್ಲ. ಆ ದಿನ ನಿನಗೋಸ್ಕರ ರಕ್ತ ಕೊಡಲು ಹೋಗದಿದ್ದರೆ ನನ್ನದು ಯಾವತ್ತಿಗೂ ಗೊತ್ತಾಗುತ್ತಿರಲಿಲ್ಲ. ಇದನ್ನು ನಿನಗೆ ಹೇಗೆ ಬರೆಯುವುದು ಎಂದೇ ಇಷ್ಟು ದಿನವಾಯಿತು.

ಇನ್ನೊಂದು ವಿಷಯ. ದೀಪಾವಳಿಗೆ ಮನೆಯಲ್ಲೇ ಇದ್ದ ಸಂಪತ್‌ನನ್ನು ಹಿಡಿದು, ಡಾಕ್ಟರಮ್ಮ ಹೇಳಿ ತರಿಸಿದ ಮಷೀನಿನಲ್ಲಿ ಬಿ.ಪಿ. ನೋಡಿದೆ. ನೂರ ಐವತ್ತು. ಮೂವತ್ತೈದಕ್ಕೆ! "ಏನೂ ಆಗಿಲ್ಲಮ್ಮ, ಆಫೀಸ್ ಟೆನ್ಷನ್. ಮಾತ್ರೆ ಶುರು ಮಾಡಿದ್ರೆ ಬಿಡಂಗಿಲ್ಲ" ಎಂದ. ನಿನಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಅವನ ಕೈಗೆ ಕೊಟ್ಟೆ. ನೀನು ಏನು ಹೇಳಿದೆಯೋ ನನಗೆ ಪೂರ್ತಿ ಕೇಳಿಸಲಿಲ್ಲ. ಅವನ ಮುಖ ನೋಡಿದೆ, ಸಾಕಾಯಿತು. ಶನಿವಾರ ಗಂಡ ಹೆಂಡತಿ ಇಬ್ಬರೂ ರಕ್ತ, ಮೂತ್ರ ಪರೀಕ್ಷೆಗೆ ಕೊಟ್ಟು ಬಂದರು. ಕವನಾಳದ್ದು ಸರಿಯಿದೆ. ಸಂಪತ್‌ಗೆ ಬಿ.ಪಿ. ಒಂದೇ, ಕಿಡ್ನಿಗೆ ಇನ್ನೂ ಏನೂ ಆಗಿಲ್ಲ. ಸಮಯಕ್ಕೆ ಸರಿಯಾಗಿ ಸಿಕ್ಕಿದೆ ಎಂದರಂತೆ. ಅವನನ್ನು ಉಳಿಸಿದವನು ನೀನು. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ.

ಇನ್ನು ಮೇಲೆ ನನ್ನ ರಿಪೋರ್ಟ್ ಹೇಗೇ ಬರಲಿ, ಅಂದೇ ಹೇಳುತ್ತೇನೆ. ಬರುವ ಗುರುವಾರ ಬೆಳಿಗ್ಗೆ ನಾನೇ ಬಂದು ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಕೋಕಿಲಾ ಅಂಗಡಿ ತೆಗೆಯಲಿ.

ದಿನಾ ಬೆಳಿಗ್ಗೆ ಆ ಮಾತ್ರೆ ನುಂಗುವಾಗ ಈಗಲೂ ಒಂದು ಕ್ಷಣ ಗಂಟಲಿನಲ್ಲಿ ನಿಲ್ಲುತ್ತದೆ, ಚನ್ನ. ನಿಂತು, ಇಳಿಯುತ್ತದೆ.

ನಿನ್ನ ಅಕ್ಕ,
ಕಲ್ಯಾಣಿ